ಪರಸ್ಥಳದ ಸಂಸಾರದಲ್ಲಿ ನಗೆಯ ಪಾಲು

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ಸುತ್ತಿ ಬಂದ ದೇಶದಲ್ಲಿ ಒಲೆ ಹೂಡಿ, ನೀರು ತಂದು, ನೆರೆಹೊರೆಯವರೊಡನೆ ನಾಲ್ಕಾರು ವರುಷ ಬಾಳುವೆ ಮಾಡುವ ಬಗೆ ಹೇಗೆಂಬುದನ್ನು ಆ ಗಾದೆಯು ತಿಳಿಸುವದಿಲ್ಲ. ಯಾತ್ರಿಕನ ತೊಂದರೆಯು ಎರಡು ದಿನದ್ದು. ಮೂರನೆಯ ದಿನ ಅವನು ಗಂಟು ಕಟ್ಟಿಕೊಂಡು ಹೊರಡುವನು. ಸಂಸಾರಿಯ ಮಾತು ಹಾಗಲ್ಲ. ನೌಕರಿಯ ವರ್ಗದಿಂದಲೋ, ಲಗ್ನಸಂಬಂಧದಿಂದಲೋ, ಹೊಟ್ಟೆಯ ಪಾಡಿಗಾಗಿಯೋ ಪರಸ್ಥಳಕ್ಕೆ ಬಂದವರು ಅಲ್ಲಿಯೇ ಉಣ್ಣಬೇಕು, ಅಲ್ಲಿಯೇ ಮಕ್ಕಳನ್ನು ಓದಿಸಬೇಕು, ಅಲ್ಲಿಯೇ ಬೇನೆ ಬೇಸರಿಕೆಗಳನ್ನು ಕಳೆಯಬೇಕು. ಅಂಥವರು ಪೆಟ್ಟಿಗೆಯಲ್ಲಿ ಪಾತ್ರೆ ಪಡಗಗಳ ಸಂಗಡ ಮರೆಯದೆ ಕಟ್ಟಿಕೊಂಡು ಬರಬೇಕಾದ ವಸ್ತುವೊಂದಿದೆ. ಅದಕ್ಕೆ ತೂಕವಿಲ್ಲ, ಬಾಡಿಗೆಯಿಲ್ಲ. ಅದು ನಗೆ.

ಕೃಷ್ಣೆಯ ದಂಡೆಯ ಹಿಪ್ಪರಗಿಯನ್ನೂ ಅದರ ಸುತ್ತಲಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳನ್ನೂ ಉದಾಹರಣೆಗೆ ತೆಗೆದುಕೊಳ್ಳೋಣ. ಜಮಖಂಡಿಯು ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳವು ಘೋರ್ಪಡೆಯವರದು. ಎರಡೂ 1948ರಲ್ಲಿ ಮುಂಬಯಿ ಪ್ರಾಂತವನ್ನು ಸೇರಿದುವು. 1956ರ ನವೆಂಬರ 1ರಂದು ಕನ್ನಡನಾಡಿನ ತುಂಡುಗಳೆಲ್ಲ ಕೂಡಿದಾಗ ಮೈಸೂರು ರಾಜ್ಯದೊಳಗೆ ಬಂದುವು. ಅದುವರೆಗೆ ವಿಜಾಪುರ ಜಿಲ್ಲೆಯೊಡನೆ ಲೆಕ್ಕವಿಟ್ಟುಕೊಂಡಿದ್ದ ಈ ಸೀಮೆಯು 1997ರಿಂದ ಬಾಗಲಕೋಟ ಜಿಲ್ಲೆಯಲ್ಲಿದೆ. ಏಕೀಕರಣವಾದಂದಿನಿಂದ ಮೈಸೂರು, ಹಾಸನ, ತುಮಕೂರುಗಳ ಕಡೆಯ ಮಾಸ್ತರರೂ ಕಾರಕೂನರೂ ಇಂಜಿನಿಯರರೂ ಈ ಕಡೆಗೆ ಬರುತ್ತಿದ್ದಾರೆ. ಈ ಕಡೆಯವರು ಆ ಕಡೆಗೆ ಹೋಗುತ್ತಿದ್ದಾರೆ.

ಇಬ್ಬರ ಭಾಷೆಯೂ ಕನ್ನಡವೇ ಅಲ್ಲವೆ, ಇದರಲ್ಲಿ ಹೊಸ ಸಂಸ್ಕೃತಿಯೆಂಬುದೆಲ್ಲಿಂದ ಬಂತು ಎಂದು ವಾಚಕರು ಕೇಳಬಹುದು. ವಿನೋದದ ಮೂಲವು ಅಲ್ಲಿಯೇ ಇರುವದು. ಕಾಶಿಗೆ ಹೋದವನಿಗೆ ತನಗೆ ಮಾತು ತಿಳಿಯದೆಂಬುದಾದರೂ ತಿಳಿದಿರುತ್ತದೆ. ಮೈಸೂರಿನಿಂದ ಹಿಪ್ಪರಗಿಗೆ ಬಂದವನಿಗೆ ತನಗೆಲ್ಲವೂ ತಿಳಿಯಿತೆಂಬ ಭ್ರಾಂತಿ. ಹಿಪ್ಪರಗಿಯವರಿಗೂ ಅದೇ ಭ್ರಾಂತಿ.

ಮಾತಿನ ಮೋಜು

ಹೊಸದಾಗಿ ಬಂದ ಗೃಹಸ್ಥರು ಮಗ್ಗಲು ಮನೆಯವರನ್ನು ಮುಂಜಾನೆ ಕಂಡು, 'ತಿಂಡಿ ಆಯಿತೆ?' ಎಂದು ಅಕ್ಕರೆಯಿಂದ ಕೇಳುತ್ತಾರೆ. ದಕ್ಷಿಣದಲ್ಲಿ ಅದು ಉಪಾಹಾರದ ವಿಚಾರಣೆ. ಈ ಸೀಮೆಯಲ್ಲಿ ತಿಂಡಿಯೆಂದರೆ ತುರಿಕೆ. ಸುಮ್ಮನಿರಲಾರದೆ ಜಗಳ ಕಾಯುವವನ ಹುರುಪಿಗೂ ಅದೇ ಹೆಸರು. ಕೇಳಿಸಿಕೊಂಡವರು ಒಂದು ನಿಮಿಷ ಹುಬ್ಬು ಗಂಟಿಕ್ಕಿ, ಎದುರಿಗಿರುವ ಸಾಧುಮುಖವನ್ನು ನೋಡಿ, ಕಡೆಗೆ ನಕ್ಕು, 'ನಾಷ್ಟಾ ಅನ್ರಿ!' ಎಂದು ತಿದ್ದುವರು. ಅಂದಿನಿಂದ ಎರಡು ಮನೆಗಳಿಗೆ ಸ್ನೇಹ ಬೆಳೆದರೆ ಅದು ಆ ಒಂದು ಶಬ್ದದ ಪುಣ್ಯವು.

ಅದೇ ನಾಷ್ಟಾದ ತಾಟಿನಲ್ಲಿ 'ಹಿಂಡಿ' ಬಡಿಸಿದರೆ ದಕ್ಷಿಣದವರು ಗಾಬರಿಯಾಗುವದು ಸಹಜವು. ಅವರ ಕಡೆಗೆ ಹಿಂಡಿಯೆಂದರೆ ಎಣ್ಣೆ ತೆಗೆದ ಮೇಲೆ ದನಕ್ಕೆ ಹಾಕುವ ಗಾಣದ ಹಿಂಡಿ. ಇಲ್ಲಿ ಅದು ಶೇಂಗಾದಿಂದಲೋ, ಗುರೆಳ್ಳಿನಿಂದಲೋ, ಅಗಸಿಯಿಂದಲೋ ಕುಟ್ಟಿದ ಖಾರದ ಪುಡಿ. ಅದಿಲ್ಲದೆ ಊಟವು ಸಪ್ಪಗೆ. ಅಗಸಿಯ ಹೆಸರು ಬಂದಾಗ ಇನ್ನೊಂದು ತೊಡಕು: ಎಣ್ಣೆಕಾಳಿಗೂ ಅದೇ ಹೆಸರು, ಊರಬಾಗಿಲಿಗೂ ಅದೇ ಹೆಸರು. 'ಅಗಸಿ ಮುಂದ ನಿಂತಾರ' ಎಂದರೆ ಕಾಳಿನ ಚೀಲದ ಮುಂದೆ ಕಾವಲು ನಿಂತಿದ್ದಾರೆಂದು ತಿಳಿಯಬಾರದು.

ಹುಡುಗನು 'ಸಾಲಿಗೆ' ಹೊರಟರೆ ಅವನು ಕಲಿಯಲು ಹೊರಟನೇ ಹೊರತು ಕಡ ತರಲಿಕ್ಕಲ್ಲ. 'ಚಲೋ' ಎಂದರೆ ಹಿಂದುಸ್ತಾನಿಯ ನಡೆ ಎಂಬ ಅಪ್ಪಣೆಯಲ್ಲ, ಒಳ್ಳೆಯದೆಂಬ ಮೆಚ್ಚುಗೆ. ಬಂದವರು ಹಬ್ಬದ ಅಡಿಗೆ ಮಾಡಿ ಬಡಿಸಿ, ಹೇಗಿದೆಯೆಂದು ಕೇಳಿದರೆ, ಇಲ್ಲಿಯ ಅತಿಥಿಯು 'ಅಡ್ಡಿ ಇಲ್ರಿ' ಎನ್ನುವನು. ಗೃಹಿಣಿಯ ಮುಖ ಬಾಡುವದು. ಮೂರನೆಯ ಸಲ ಪಾಯಸ ಹಾಕಿಸಿಕೊಂಡಾಗಲೇ ಅವಳಿಗೆ ತಿಳಿಯುವದು, ಅಡ್ಡಿಯಿಲ್ಲವೆಂಬುದು ಈ ಸೀಮೆಯ ಸಣ್ಣ ಬಿರುದೆಂದು.

ಎಲ್ಲಕ್ಕಿಂತ ಸೊಗಸಾದ ಜೋಡಿಯೆಂದರೆ 'ಲಗೂ' ಮತ್ತು 'ಹಗೂರ'. ಲಘು ಎಂದರೂ ಹಗುರವೆಂದರೂ ತೂಕವಿಲ್ಲದ್ದೆಂದೇ ಅರ್ಥ. ಆದರೆ ಇಲ್ಲಿಯ ಮಾತಿನಲ್ಲಿ ಲಗೂ ಬಾ ಎಂದರೆ ಬೇಗನೆ ಬಾ. ಹಗೂರ ಬಾ ಎಂದರೆ ಮೆಲ್ಲನೆ ಬಾ. ಒಂದೇ ತೂಕದ ಎರಡು ಶಬ್ದಗಳಲ್ಲಿ ಒಂದು ಓಡಿಸುವದು, ಇನ್ನೊಂದು ತಡೆಯುವದು. ಪಂಡಿತರು ಇದರ ಕಾರಣವನ್ನು ಹುಡುಕಲಿ. ತುಂಬಿದ ಕೊಡ ಹೊತ್ತು ಮೆಟ್ಟಲಿಳಿಯುವ ಹೊಸಬರು ಮಾತ್ರ ಎರಡರ ಭೇದವನ್ನು ಮೊದಲು ಕಲಿತರೆ ಕ್ಷೇಮವು.

ಈ ಮಾತಿನಲ್ಲಿ ಚರಿತ್ರೆಯೂ ಅಡಗಿದೆ. ಮರಾಠೀ ಮನೆತನಗಳ ಆಳಿಕೆಯೂ ನೆರೆಯ ಮಹಾರಾಷ್ಟ್ರದ ಬಳಕೆಯೂ ಬಹುಕಾಲವಿದ್ದ ಕಾರಣ ಅಣ್ಣನ ಹೆಂಡತಿಯು 'ವೈನಿ'ಯಾದಳು, ಜಾಣನು 'ಶಾಣ್ಯಾ' ಆದನು, ನಿಜವು 'ಖರೆ' ಆಯಿತು. ತಿಂಗಳ ಸಂಬಳಕ್ಕೆ ಹೇಳುವ 'ಪಗಾರ'ವಂತೂ ಪೋರ್ತುಗೀಜರಿಂದ ಮರಾಠಿಗೆ ಬಂದು, ಅಲ್ಲಿಂದ ಕೃಷ್ಣೆಯ ದಂಡೆಗೆ ಏರಿದ ಶಬ್ದವು. ಸಮುದ್ರ ದಾಟಿ ಬಂದ ಶಬ್ದಕ್ಕೆ ಹಿಪ್ಪರಗಿಯಲ್ಲಿ ಮನೆ ಸಿಕ್ಕಿರುವಾಗ, ತುಂಗಭದ್ರೆ ದಾಟಿ ಬಂದ ಮನುಷ್ಯನು ಎದೆಗುಂದಬೇಕಾದದ್ದೇನು?

ಅಡಿಗೆಮನೆಯ ಪಾಠ

ಗಂಡಸರಿಗೆ ಕಚೇರಿಯಿದೆ, ಮಕ್ಕಳಿಗೆ ಶಾಲೆಯಿದೆ. ಪರಸ್ಥಳದ ಏಕಾಂತವನ್ನು ಪೂರ್ಣವಾಗಿ ಉಣ್ಣುವವಳು ಮನೆಯೊಡತಿ. ಮಧ್ಯಾಹ್ನದ ಬಿಸಿಲಿನಲ್ಲಿ ಓಣಿಯೆಲ್ಲ ನಿಶ್ಶಬ್ದವಾಗಿದ್ದಾಗ ತವರಿನ ನೆನಪು ಬಂದು ಕಣ್ಣು ತುಂಬುವದು ಅವಳಿಗೇ. ಇದಕ್ಕೆ ಔಷಧವು ಹೆಚ್ಚಾಗಿ ಪಕ್ಕದ ಮನೆಯ ಒಲೆಯ ಬಳಿಯಲ್ಲಿಯೇ ದೊರೆಯುವದೆಂದು ನಾವು ಬಲ್ಲೆವು.

ರಾಗಿಯ ಮುದ್ದೆಯನ್ನು ನುಂಗಿ ಬೆಳೆದವರಿಗೆ ಜೋಳದ ರೊಟ್ಟಿಯು ಹೊಸ ವಿದ್ಯೆ. ಜೋಳದ ಹಿಟ್ಟಿನಲ್ಲಿ ಗೋದಿಯ ಜಿಗಿಯಿಲ್ಲ. ಆದುದರಿಂದ ಕುದಿಯುವ ಎಸರು ಹಾಕಿ ಕಲಸಬೇಕು. ಅಂಗೈಯಿಂದ ಚೆನ್ನಾಗಿ ನಾದಬೇಕು. ಆಮೇಲೆ ಒಣ ಹಿಟ್ಟು ಉದುರಿಸಿ, ತಿರುವುತ್ತ ತಿರುವುತ್ತ ತಟ್ಟಬೇಕು. ಹಂಚಿಗೆ ಹಾಕಿದ ಕೂಡಲೆ ಮೇಲಿನ ಒಣ ಹಿಟ್ಟು ಹೋಗುವಂತೆ ಒದ್ದೆ ಅರಿವೆಯಿಂದ ನೀರು ಸವರಬೇಕು. ಹೇಳುವದು ಸುಲಭ. ಹೊಸಬಳ ಮೊದಲನೆಯ ರೊಟ್ಟಿಯ ಅಂಚು ನಾಲ್ಕು ಕಡೆ ಸೀಳುವದು. ಎರಡನೆಯದು ಎತ್ತುವಾಗ ಎರಡು ತುಂಡಾಗುವದು. ಮೂರನೆಯದು ಭೂಗೋಳದ ಪುಸ್ತಕದಲ್ಲಿಯ ಯಾವದೋ ದ್ವೀಪದ ಆಕಾರ ತಾಳುವದು. ಕಲಿಸುವ ಮುದುಕಿಯು ಅದನ್ನು ನೋಡಿ, 'ಇರ್ಲಿ ತಗೊ ಯವ್ವಾ, ಹೊಟ್ಟ್ಯಾಗ ಹೋದ ಮ್ಯಾಲೆ ಯಾರು ದುಂಡಗ ಐತೇನಂತ ನೋಡತಾರ?' ಎನ್ನುವಳು. ಇಬ್ಬರೂ ನಗುವರು. ಆ ಮುದುಕಿಗೆ ತನ್ನ ಮೊಮ್ಮಗಳ ವಯಸ್ಸಿನವಳನ್ನು 'ಯವ್ವಾ' ಎಂದು ಕರೆಯುವದು ಸಹಜವು. ಕರೆಯಿಸಿಕೊಂಡವಳಿಗೆ ಮಾತ್ರ ಆ ಒಂದು ಮಾತಿನಲ್ಲಿ ತವರು ಹತ್ತಿರ ಬಂದಂತಾಗುವದು.

ವಿದ್ಯೆಯು ಒಂದೇ ಕಡೆಗೆ ಹರಿಯಬಾರದು. ಮುದ್ದೆಯನ್ನು ಅಗಿಯದೆ ನುಂಗುವ ಕಲೆಯನ್ನು ಇವಳು ಕಲಿಸಲಿ. ನಾಲ್ಕು ಕಟಕ ರೊಟ್ಟಿಗಳನ್ನು ಸದ್ದಾಗುವಂತೆ ಮುರಿದುಣ್ಣುವ ಶೂರರು ಒಂದು ತುತ್ತು ಮುದ್ದೆಯನ್ನು ಬಾಯಲ್ಲಿಟ್ಟುಕೊಂಡು ಏನು ಮಾಡಬೇಕೆಂದು ತಿಳಿಯದೆ ಕುಳಿತಿರುವ ನೋಟವು ನೋಡತಕ್ಕದ್ದು. ಆಗ ನಗುವ ಸರದಿ ಇವಳದು. ಲೆಕ್ಕ ಸರಿಯಾಯಿತು.

ಎರಡು ಬಗೆಯ ನಗೆ

ಇಷ್ಟು ಹೇಳಿದ ಮೇಲೆ ಒಂದು ಗಂಭೀರವಾದ ಮಾತನ್ನೂ ಹೇಳಲೇಬೇಕು. ಎಲ್ಲ ನಗೆಯೂ ನಗೆಯಲ್ಲ. ಒಬ್ಬರೊಡನೆ ನಗುವದು ಬೇರೆ, ಒಬ್ಬರನ್ನು ಕಂಡು ನಗುವದು ಬೇರೆ. ಮೊದಲನೆಯದು ಮಣೆ ಹಾಕಿ ಕೂಡ್ರಿಸುವದು, ಎರಡನೆಯದು ಬಾಗಿಲು ಹಾಕಿಕೊಳ್ಳುವದು.

ಇದರ ಪೆಟ್ಟು ಬೀಳುವದು ಬಹುತರವಾಗಿ ಮಕ್ಕಳ ಮೇಲೆ. ಜಮಖಂಡಿಯ ಕಡೆಯ ಕುಟುಂಬವೊಂದು ಕೆಲಸಕ್ಕೆಂದು ಬೆಂಗಳೂರಿಗೆ ಹೋಗುವದೆಂದುಕೊಳ್ಳಿರಿ. ಹುಡುಗನು ವರ್ಗದಲ್ಲಿ ಎದ್ದುನಿಂತು 'ಹೌದ್ರಿ' ಎಂದಾಗ ಹಿಂದಿನ ಸಾಲಿನವರು ನಗುತ್ತಾರೆ. ಸಿನೆಮಾಗಳಲ್ಲಿ ಈ ಸೀಮೆಯ ಮಾತನ್ನು ಬಹಳ ಸಲ ನಗೆಯ ಪಾತ್ರಕ್ಕೇ ಮೀಸಲಿಟ್ಟಿರುವದರಿಂದ ಅವರಿಗೆ ಆ ನಗೆ ತಪ್ಪೆಂದೂ ತೋರುವದಿಲ್ಲ. ಹುಡುಗನು ನಾಲ್ಕು ದಿನ ಸುಮ್ಮನಾಗುವನು. ಐದನೆಯ ದಿನ ಮನೆಯಲ್ಲಿ ತಾಯಿಯ ಮಾತನ್ನೇ ತಿದ್ದತೊಡಗುವನು. ಆ ದಿನ ಆ ಮನೆಯಲ್ಲಿ ಆದ ಹಾನಿಯು ಯಾವ ಲೆಕ್ಕಪುಸ್ತಕದಲ್ಲಿಯೂ ಬರೆದಿರುವದಿಲ್ಲ. ಇದೇ ರೀತಿ, ದಕ್ಷಿಣದ ಮೆತ್ತನೆಯ ಮಾತಾಡುವ ಹುಡುಗನನ್ನು ಇಲ್ಲಿಯ ಹುಡುಗರು ಅಣಕಿಸಿದರೂ ಹಾನಿಯು ಅಷ್ಟೇ.

ತಂದೆತಾಯಿಗಳು ಇಂಥ ಸಮಯದಲ್ಲಿ ಊರನ್ನು ಬಯ್ಯುತ್ತ ಕೂಡ್ರಬಾರದು. ಮಗುವಿಗೆ 'ನೀನೂ ಅವರಂತೆಯೇ ಮಾತಾಡು' ಎಂದು ಹೇಳಿ ಕೈತೊಳೆದುಕೊಳ್ಳಲೂ ಬಾರದು. ಎರಡು ಮಾತು ಬಲ್ಲವನು ಎರಡು ಮನೆಯ ಯಜಮಾನನೆಂದು ಅವನಿಗೆ ತಿಳಿಯಹೇಳಬೇಕು. ರಾತ್ರಿಯ ಊಟದ ಹೊತ್ತಿಗೆ ಈ ದಿನ ಸಿಕ್ಕ ಹೊಸ ಶಬ್ದವಾವುದೆಂದು ಪ್ರತಿಯೊಬ್ಬರೂ ಹೇಳುವ ಆಟವನ್ನು ಹೂಡಿದರೆ, ಮುಂಜಾನೆ ಅವಮಾನವಾಗಿ ತೋರಿದ್ದು ಸಂಜೆಗೆ ಗಳಿಕೆಯಾಗಿ ತೋರುವದು.

ಹಿಂದಿನವರ ಮೇಲ್ಪಂಕ್ತಿ

ಈ ಸೀಮೆಗೆ ಪರಸ್ಥಳದ ವಾಸವು ಹೊಸದಲ್ಲ. ಮುಧೋಳದ ಬಳೆಗಾರರ ಮನೆತನದಲ್ಲಿ 949ರಲ್ಲಿ ಹುಟ್ಟಿದ ರನ್ನನು ವಿದ್ಯೆಗಾಗಿ ದಕ್ಷಿಣದ ಗಂಗರ ನಾಡಿಗೆ ಹೋದನು. ಅಲ್ಲಿ ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯದಲ್ಲಿ ಬೆಳೆದು, ಮರಳಿ ಚಾಲುಕ್ಯ ತೈಲಪನ ಆಸ್ಥಾನಕ್ಕೆ ಬಂದು ಕವಿಚಕ್ರವರ್ತಿಯೆನಿಸಿದನು. ದಕ್ಷಿಣದ ಅನ್ನವನ್ನುಂಡದ್ದರಿಂದ ಅವನು ಮುಧೋಳಕ್ಕೆ ಎರವಾಗಲಿಲ್ಲ. ಎರಡು ಸೀಮೆಗಳೂ ಅವನನ್ನು ತಮ್ಮವನೆನ್ನುವವು.

ಜರ್ಮನಿಯ ಕಿಟ್ಟೆಲ್ ಸಾಹೇಬರು 1853ರಲ್ಲಿ ಈ ದೇಶಕ್ಕೆ ಬಂದು ಕನ್ನಡವನ್ನು ಕಲಿತರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಪಂಡಿತರ ಶಬ್ದಗಳ ಜೊತೆಗೆ ಜನರ ಬಾಯ ಗಾದೆಗಳೂ ಸೇರಿವೆ. ಗಾದೆಯನ್ನು ಕೂಡಿಹಾಕುವವನು ಜನರೊಡನೆ ಕುಳಿತು ನಕ್ಕಿರಲೇಬೇಕೆಂದು ನಮ್ಮ ಊಹೆಯು.

ಆದರೆ ನಮ್ಮ ವಿಷಯಕ್ಕೆ ನೇರವಾದ ಉದಾಹರಣೆಯೆಂದರೆ ನಾ. ಕಸ್ತೂರಿಯವರದು. 1897ರಲ್ಲಿ ಕೇರಳದಲ್ಲಿ ಹುಟ್ಟಿದ ಅವರ ಮನೆಮಾತು ಮಲಯಾಳವು. ಅಧ್ಯಾಪಕರಾಗಿ ಮೈಸೂರಿಗೆ ಬಂದು ಕನ್ನಡವನ್ನು ಕಲಿತರು. ಕಲಿತದ್ದಷ್ಟೇ ಅಲ್ಲ, ಕನ್ನಡಿಗರನ್ನು ಕನ್ನಡದಲ್ಲಿಯೇ ನಗಿಸಿದರು. ಎಂ. ಶಿವರಾಂ ಅವರು 1942ರಲ್ಲಿ ಹೊರಡಿಸಿದ 'ಕೊರವಂಜಿ' ಪತ್ರಿಕೆಯಲ್ಲಿ ಬರೆದರು. 'ಅನರ್ಥಕೋಶ'ವೆಂಬ ಪುಸ್ತಕದಲ್ಲಿ ನಾವು ದಿನಾಲು ಬಳಸುವ ಶಬ್ದಗಳಿಗೆ ನಾವೆಂದೂ ಎಣಿಸದ ಅರ್ಥಗಳನ್ನು ಕೊಟ್ಟರು. ಹುಟ್ಟುಮಾತನ್ನು ನಾವು ಸವೆದ ನಾಣ್ಯದಂತೆ ನೋಡದೆಯೇ ಕೊಡುತ್ತೇವೆ, ಕೊಳ್ಳುತ್ತೇವೆ. ಹೊರಗಿನಿಂದ ಬಂದವನು ಅದನ್ನು ತಿರುವಿ ಮುರುವಿ ನೋಡುವನು. ಹೊಸಬನ ತೊಡಕೇ ಅವನ ಸಂಪತ್ತಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಬ್ಬದ ಹೊತ್ತು

ಊರಿನ ಮನಸ್ಸು ತಿಳಿಯಬೇಕಾದರೆ ಹಬ್ಬದ ದಿನ ಮನೆಯಲ್ಲಿ ಕೂಡ್ರಬಾರದು. ಎಳ್ಳ ಅಮಾವಾಸ್ಯೆಗೆ ಒಕ್ಕಲಿಗರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬೆಳೆಯ ನಡುವೆ ಕುಳಿತು ಉಣ್ಣುವರು. ಹೊಸಬರನ್ನು ಕರೆಯದೆ ಹೋಗುವ ಮನೆ ವಿರಳ. ಸಜ್ಜೆಯ ರೊಟ್ಟಿ, ಕಡುಬು, ಪುಂಡಿಯ ಪಲ್ಲೆಗಳ ಆ ಊಟಕ್ಕೆ 'ಸಾಕು' ಎಂಬ ಶಬ್ದವನ್ನು ಯಾರೂ ನಂಬುವದಿಲ್ಲವೆಂಬುದನ್ನು ಮಾತ್ರ ಮೊದಲೇ ತಿಳಿದಿರುವದು ಒಳ್ಳೆಯದು.

ದಸರೆಯಲ್ಲಿ ಮೈಸೂರ ಕಡೆಯವರು ಗೊಂಬೆಗಳನ್ನು ಕೂಡ್ರಿಸುವರು. ಇಲ್ಲಿಯವರು ಬನ್ನಿಯ ಎಲೆಯನ್ನು ಬಂಗಾರವೆಂದು ಹಂಚುವರು. ಸಂಜೆಗೆ ಚಿಕ್ಕವರು ಮನೆಮನೆಗೆ ಹೋಗಿ ಹಿರಿಯರ ಕೈಯಲ್ಲಿ ಎಲೆಯಿಟ್ಟು ನಮಸ್ಕರಿಸುವರು. ವರ್ಷವೆಲ್ಲ ಮಾತು ಬಿಟ್ಟವರೂ ಅಂದು ಬನ್ನಿ ಕೊಟ್ಟು ಬಂಗಾರದಂತಿರೋಣವೆಂದು ಹೇಳಿ ಹಳೆಯದನ್ನು ಮರೆಯುವರು. 'ಬಂಗಾರ ಕೊಡಾಕ ಬಂದೇವ್ರಿ' ಎಂದು ಬಾಗಿಲಲ್ಲಿ ನಿಂತವರನ್ನು ಕಂಡು ಹೊಸ ಗೃಹಿಣಿಯು ಬೆರಗಾಗಿ, ತನ್ನ ಕಡೆಯ ಮಾತಿನಲ್ಲಿ 'ಬನ್ನಿ, ಬನ್ನಿ' ಎಂದು ಒಳಗೆ ಕರೆಯುವಳು. ಬಂದವರು ತಮ್ಮ ಕೈಯೊಳಗಿನ ಎಲೆಯನ್ನು ನೋಡಿ, 'ಅದನ್ನ ತಂದೇವ್ರಿ' ಎನ್ನುವರು. ಒಂದು ಸೀಮೆಯಲ್ಲಿ ಬನ್ನಿಯೆಂದರೆ ಒಳಗೆ ಬರುವ ಕರೆ. ಇನ್ನೊಂದರಲ್ಲಿ ಬನ್ನಿಯೆಂದರೆ ಕೈಗೆ ಬರುವ ಬಂಗಾರ. ಎರಡೂ ಅರ್ಥಗಳು ಒಂದೇ ಹೊಸ್ತಿಲಲ್ಲಿ ಕೂಡಿದ ಮೇಲೆ ಪರಸ್ಥಳವೆಂಬ ಮಾತಿಗೆ ಅಲ್ಲಿ ಜಾಗವೆಲ್ಲಿ?

ಆದುದರಿಂದ ಪರಸ್ಥಳಕ್ಕೆ ಹೊರಟಿರುವ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ವಿನಂತಿಯು ಇಷ್ಟೇ. ಮೊದಲ ನಗೆಯನ್ನು ನಿಮ್ಮ ಮೇಲೆಯೇ ನಗಿರಿ. ಎರಡನೆಯದನ್ನು ನೆರೆಯವರೊಡನೆ ನಗಿರಿ. ಯಾರನ್ನಾದರೂ ನೋಯಿಸುವಂಥ ಮೂರನೆಯದನ್ನು ನುಂಗಿಬಿಡಿರಿ. ಊರವರಲ್ಲಿಯೂ ಒಂದು ವಿನಂತಿಯಿದೆ: ಹೊಸಬರ ಮಾತನ್ನು ತಿದ್ದುವಾಗ ಕೈಯಲ್ಲಿ ಒಂದು ವಾಟಿ ಹಿಂಡಿಯನ್ನೋ ನಾಲ್ಕು ರೊಟ್ಟಿಯನ್ನೋ ಹಿಡಿದುಕೊಂಡು ಹೋಗಿರಿ. ಹಾಗೆ ತಿದ್ದಿಸಿಕೊಂಡ ಮಾತು ಬೇಗನೆ ನಾಲಿಗೆಗೆ ಹತ್ತುವದು; ತಿದ್ದಿದವರ ಹೆಸರು ಬಹುಕಾಲ ಮನಸ್ಸಿನಲ್ಲಿರುವದು.