ಹುಳುಮನೆಯ ಬಾಗಿಲು

ರೇಷ್ಮೆ ಬೆಳೆ ಎಂಬ ಮಾತು ಇದ್ದರೂ ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು ಹುಳುವನ್ನು ಬೆಳೆಯುವುದಿಲ್ಲ, ಮೇಯಿಸುತ್ತಾರೆ. ದನಕ್ಕೆ, ಕುರಿಗೆ ಸಲ್ಲುವ ಕ್ರಿಯಾಪದವೇ ಹುಳುವಿಗೂ. ಅದಕ್ಕೆಂದೇ ಒಂದು ಹುಳುಮನೆ ಇರುತ್ತದೆ. ಪೊರೆ ಕಳಚುವ ಮೊದಲು ಸೊಪ್ಪು ಮುಟ್ಟದೆ ತಲೆಯೆತ್ತಿ ಕೂತರೆ ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಜಾನುವಾರು ಗಣತಿ ಮಾತ್ರ ಹಸು, ಎಮ್ಮೆ, ಕುರಿ, ಕೋಳಿಗಳನ್ನು ಎಣಿಸಿ ಹುಳುವನ್ನು ಬಿಟ್ಟುಬಿಡುತ್ತದೆ. ಈ ವಿಷಯದಲ್ಲಿ ಆಡುಮಾತೇ ಸರಿ, ಗಣತಿಯೇ ತಪ್ಪು. 2009ರಲ್ಲಿ ಚೀನಾದ ವಿಜ್ಞಾನಿಗಳು 40 ಬಗೆಯ ರೇಷ್ಮೆ ಹುಳುಗಳ ವಂಶವಾಹಿ ಬರಹವನ್ನು ಓದಿದರು: 29 ಸಾಕಿದವು, 11 ಕಾಡಿನವು. ಮನುಷ್ಯನ ಆಯ್ಕೆಯ ಗುರುತಿದೆ ಎನ್ನಬಹುದಾದ 354 ಜೀನ್‌ಗಳು ಅದರಲ್ಲಿ ಸಿಕ್ಕವು. ಸುಮಾರು 5000 ವರ್ಷದ ಈ ಪಳಗಿಸುವಿಕೆಯಲ್ಲಿ ಹುಳು ಕಳೆದುಕೊಂಡದ್ದು ಕಣ್ಣಿಗೇ ಕಾಣುತ್ತದೆ. ಚಿಟ್ಟೆಗೆ ರೆಕ್ಕೆಯಿದೆ, ಹಾರಲಾರದು. ಹುಳುವಿಗೆ ಕಾಲಿದೆ, ಸೊಪ್ಪು ಹುಡುಕಿಕೊಂಡು ಹೋಗದು. ತಟ್ಟೆಗೆ ಹಾಕುವವರೆಗೆ ಕಾಯುತ್ತದೆ. ಸಾಕುಪ್ರಾಣಿ ಎಂದರೆ ತನ್ನ ಕಾವಲನ್ನು ಬೇರೊಬ್ಬರಿಗೆ ಒಪ್ಪಿಸಿದ ಪ್ರಾಣಿ. ಹೀಗಿರುವಾಗ ರೇಷ್ಮೆ ವಿಜ್ಞಾನ ರೈತನಿಗೆ ಮಾಡಿದ ದೊಡ್ಡ ಉಪಕಾರ ಹೊಸ ತಳಿ ಕೊಟ್ಟದ್ದಲ್ಲ, ಆ ಕಾವಲನ್ನು ಹೇಗೆ ಕಾಯಬೇಕೆಂದು ಕಲಿಸಿದ್ದು ಎಂಬುದು ಈ ಅಧ್ಯಾಯದ ವಾದ.

ಮೊದಲ ಸಾಕ್ಷಿ ದೂರದ್ದು. 1865ರಲ್ಲಿ ಫ್ರಾನ್ಸಿನ ರೇಷ್ಮೆ ಸೀಮೆ ಗಂಟುರೋಗಕ್ಕೆ ನೆಲಕಚ್ಚಿದ್ದಾಗ ಲೂಯಿ ಪಾಶ್ಚರ್ ಅವರನ್ನು ಅಲ್ಲಿಗೆ ಕಳಿಸಿದರು. ಅಲ್ಲಿಯವರೆಗೆ ಅವರು ರೇಷ್ಮೆ ಹುಳುವಿನ ಮೇಲೆ ಕೆಲಸ ಮಾಡಿದವರಲ್ಲ. ಅವರು ಔಷಧಿ ಹುಡುಕಿಕೊಡಲಿಲ್ಲ. ಗಂಟುರೋಗ ಹತ್ತಿದ ಹುಳುವಿಗೆ ಇವತ್ತಿಗೂ ಔಷಧಿ ಇಲ್ಲ. ಕೊಟ್ಟದ್ದು ಒಂದು ಸರಳ ಕ್ರಮ: ಒಂದೊಂದು ತಾಯಿ ಚಿಟ್ಟೆಯೂ ಬೇರೆಬೇರೆಯಾಗಿ ಮೊಟ್ಟೆಯಿಡಲಿ, ಆಮೇಲೆ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡಿ. ತಾಯಿಯಿಂದ ಮೊಟ್ಟೆಗೆ ದಾಟುವ ರೋಗವನ್ನು ದಾಟುವ ಜಾಗದಲ್ಲೇ ತಡೆಯುವ ಉಪಾಯವಿದು. ಇಂದು ಎಳೆಹುಳು ಸಾಕುವ ಚಾಕಿ ಕೇಂದ್ರಕ್ಕೆ ಬರುವ ‘ರೋಗರಹಿತ ಮೊಟ್ಟೆ’ ಎಂಬ ಹೆಸರಿನ ಹಿಂದೆ ಇರುವುದೂ ಇದೇ. ನೂರೈವತ್ತು ವರ್ಷ ದಾಟಿದರೂ ಇದರ ಸ್ಥಾನಕ್ಕೆ ಬೇರೆ ಉಪಾಯ ಬಂದಿಲ್ಲ.

ಎರಡನೆಯ ಸಾಕ್ಷಿ ನಮ್ಮದೇ, ಅದೂ ಕಹಿ. 1980ರವರೆಗೆ ಕರ್ನಾಟಕದ ಹುಳುಮನೆಗಳಲ್ಲಿ ಊಜಿ ನೊಣ ಇರಲಿಲ್ಲ. ಬಂಗಾಳದ ಸಾಕಣೆದಾರರಿಗೆ ಅದು ಹಳೆಯ ಪೀಡೆ. ಆ ವರ್ಷ ಪಶ್ಚಿಮ ಬಂಗಾಳದಿಂದ ಬಂದ ಗೂಡುಗಳ ಜೊತೆ ಅದೂ ಬಂತು. ನೊಣವೇನೂ ಇಷ್ಟು ದೂರ ಹಾರಿ ಬರಲಿಲ್ಲ, ನಾವೇ ಹೊತ್ತು ತಂದೆವು. ಹೆಸರು ಇನ್ನೂ ದೂರದ್ದು. ಉಜಿ ಎಂದರೆ ಜಪಾನಿ ಭಾಷೆಯಲ್ಲಿ ನೊಣದ ಮರಿಹುಳು. ಇದು ಕೆಲಸ ಮಾಡುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಮನೆನೊಣಕ್ಕಿಂತ ದಪ್ಪನೆಯ, ಬೂದುಬಣ್ಣದ ನೊಣ. ಬೆನ್ನ ಮೇಲೆ ಉದ್ದುದ್ದ ಕಪ್ಪು ಗೆರೆ. ಹುಳುವಿನ ಮೈಮೇಲೆ ಕ್ಷಣಹೊತ್ತು ಕೂತು, ಗುಂಡುಸೂಜಿಯ ತಲೆಗಿಂತ ಸಣ್ಣದಾದ ಬಿಳಿಯ ಮೊಟ್ಟೆಯೊಂದನ್ನು ಅಂಟಿಸಿ ಎದ್ದು ಹೋಗುತ್ತದೆ. ಎರಡು ಮೂರು ದಿನದಲ್ಲಿ ಮೊಟ್ಟೆಯೊಡೆದ ಮರಿ ನೇರ ಚರ್ಮ ಕೊರೆದು ಒಳಗಿಳಿಯುತ್ತದೆ. ಹೊಕ್ಕ ಜಾಗದಲ್ಲಿ ಕಪ್ಪು ಮಚ್ಚೆ ಉಳಿಯುತ್ತದೆ. ರೈತ ನೋಡುವುದು ಆ ಮಚ್ಚೆಯನ್ನೇ, ಅದೂ ಕೈಮೀರಿದ ಮೇಲೆ. ಒಳಗೇ ತಿಂದು ಬಲಿತ ಮರಿ ಹೊರಬಿದ್ದರೆ ಹುಳು ಸಾಯುತ್ತದೆ. ನೊಣ ಕೂತದ್ದು ಹುಳು ಹಣ್ಣಾಗುವ ಹೊತ್ತಿನಲ್ಲಾದರೆ ಗೂಡೇನೋ ಕಟ್ಟಿ ಮುಗಿಯುತ್ತದೆ, ಆದರೆ ಮರಿ ಅದನ್ನು ತೂತು ಮಾಡಿಕೊಂಡು ಬರುತ್ತದೆ. ತೂತಾದ ಗೂಡಿನಿಂದ ಒಂದೇ ಎಳೆಯ ನೂಲು ಬಿಚ್ಚಲು ಬರುವುದಿಲ್ಲ. ಇಪ್ಪತ್ತೈದು ದಿನದ ಸೊಪ್ಪು, ಕೂಲಿ, ಕೊಳವೆಬಾವಿಯ ನೀರು ಎಲ್ಲ ಆ ಒಂದು ತೂತಿನಲ್ಲಿ ಹೋಗುತ್ತದೆ. ವರ್ಷವಿಡೀ ಹರಿಯುವ ಹೊಳೆಯೊಂದಿಲ್ಲದ ಈ ಸೀಮೆಯಲ್ಲಿ ಆ ನೀರಿನ ಬೆಲೆ ಬಿಡಿಸಿ ಹೇಳಬೇಕಿಲ್ಲ.

ನೊಣ ತಾನೆ, ಔಷಧಿ ಹೊಡೆದರಾಯಿತಲ್ಲ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಹುಳುವೂ ಕೀಟ, ನೊಣವೂ ಕೀಟ. ನೊಣವನ್ನು ಕೊಲ್ಲುವ ವಿಷ ಹುಳುವನ್ನೂ ಕೊಲ್ಲುತ್ತದೆ. ಪಕ್ಕದ ದ್ರಾಕ್ಷಿ ತೋಟದಲ್ಲಿ ಹೊಡೆದದ್ದು ಗಾಳಿಗೆ ಹಿಪ್ಪುನೇರಳೆ ಸೊಪ್ಪಿಗೆ ತಗುಲಿದರೂ ಸಾಕು. ಹಸುವಿನ ಮೈಯ ಉಣ್ಣೆಗೆ ಮದ್ದು ಹಚ್ಚುವ ಪಶುವೈದ್ಯನಿಗೆ ಈ ಇಕ್ಕಟ್ಟಿಲ್ಲ. ಆದ್ದರಿಂದ ಸಂಶೋಧಕರು ನೊಣದ ಬದುಕಿನಲ್ಲಿ ಹುಳುವಿನಿಂದ ದೂರ ಇರುವ ಗಳಿಗೆಗಳನ್ನು ಹುಡುಕಿದರು. ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಬಂದದ್ದು ಹಾಗೆ. ಮರಿ ಹುಳುವನ್ನು ಬಿಟ್ಟು ನೆಲದ ಬಿರುಕು ಸೇರಿ ಕೋಶವಾಗುತ್ತದೆ ಎಂದು ತಿಳಿದ ಮೇಲೆ ಆ ಕೋಶದೊಳಗೆ ತನ್ನ ಮೊಟ್ಟೆಯಿಡುವ ನೆಸೊಲಿಂಕ್ಸ್ ಥೈಮಸ್ ಎಂಬ ಕಣಜ ಉಪಯೋಗಕ್ಕೆ ಬಂತು. ಕಣ್ಣಿಟ್ಟು ನೋಡಿದರಷ್ಟೇ ಕಾಣುವ ಪ್ರಾಣಿ. ಅದನ್ನು ಸಣ್ಣ ಚೀಲದಲ್ಲಿ ತುಂಬಿ ಕೊಡುತ್ತಾರೆ, ರೈತ ಹುಳುಮನೆಯಲ್ಲಿ ತೂಗುಹಾಕುತ್ತಾನೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಜಪಾನಿನ ನೆರವಿನೊಂದಿಗೆ 1990ರ ದಶಕದಲ್ಲಿ ಸಿಎಸ್‌ಆರ್ ಎಂಬ ದ್ವಿತಳಿಗಳನ್ನು ಕೊಡದೇ ಇದ್ದಿದ್ದರೆ ಈ ಕಾವಲೆಲ್ಲ ಯಾವ ಲಾಭಕ್ಕೆ? ಹಳೆಯ ಮೈಸೂರು ತಳಿಯ ಗೂಡಿನಲ್ಲಿ ನೂಲು 400 ಮೀಟರ್ ಆಸುಪಾಸು, ದ್ವಿತಳಿಯ ಬಿಳಿಗೂಡಿನಲ್ಲಿ 1000 ಮೀಟರ್. ಇದನ್ನು ಅಲ್ಲಗಳೆಯಲಾಗದು. ಆದರೆ ದ್ವಿತಳಿ ಚಳಿ ಸೀಮೆಯ ಹುಳು. ಬಿಸಿಲು, ತೇವ, ರೋಗ ಇವನ್ನು ಮೈಸೂರು ಹುಳುವಿನಷ್ಟು ತಾಳುವುದಿಲ್ಲ. ಹಳದಿಗೂಡಿನ ಮಿಶ್ರತಳಿಯನ್ನು ರೈತ ಇನ್ನೂ ಬಿಡದಿರುವುದೂ ಅದಕ್ಕೇ. ಅದು ಜಾಣತನ, ಹಟವಲ್ಲ. ಹೊಸ ತಳಿ ಗೆದ್ದಲ್ಲೆಲ್ಲ ಬ್ಲೀಚಿಂಗ್ ಪುಡಿಯಲ್ಲಿ ತೊಳೆದ ಹುಳುಮನೆ, ಬೇರೆಯೇ ಸಾಕಿದ ಚಾಕಿ, ಪರದೆ ಕಟ್ಟಿದ ಕಿಟಕಿ ಅದರ ಜೊತೆಗೇ ಇದ್ದವು. ಎಳೆ ಉದ್ದವಾದಷ್ಟೂ ಕಾವಲು ಹೆಚ್ಚು ಬೇಕಾಯಿತು.

ಗಡಿ ಕಾಯುವ ಪಾಠ ಸೊಪ್ಪಿಗೂ ಬಂತು. 2008ರ ಹೊತ್ತಿಗೆ ತಮಿಳುನಾಡಿನಲ್ಲಿ ಕಾಣಿಸಿಕೊಂಡ ಪಪ್ಪಾಯ ಹಿಟ್ಟುತಿಗಣೆ ಹಿಪ್ಪುನೇರಳೆಯ ಕುಡಿಗಳನ್ನೂ ಮುರುಟಿಸಿತು. ಅಲ್ಲೂ ವಿಷ ಹೊಡೆಯುವಂತಿಲ್ಲ. 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆ ಪೋರ್ಟೊರಿಕೊದಿಂದ ಅದರ ಹುಟ್ಟುವೈರಿಯಾದ ಕಣಜಗಳನ್ನು ತರಿಸಿ ಬಿಟ್ಟಿತು, ತಿಗಣೆ ತಗ್ಗಿತು.

ಊಜಿ ಮಾತ್ರ ಇನ್ನೂ ಹೋಗಿಲ್ಲ. ರೈತನ ಅಸಡ್ಡೆ ಎಂದು ಬೆರಳು ತೋರುವುದು ಸುಲಭ. ಆದರೆ ದೊಡ್ಡ ಹುಳುವಿಗೆ 24–25 ಡಿಗ್ರಿ ತಂಪು ಬೇಕು, ಗಾಳಿಯೂ ಬೇಕು. ಬೇಸಿಗೆಯಲ್ಲಿ ಒತ್ತಾದ ಪರದೆ ಗಾಳಿಯನ್ನೂ ತಡೆಯುತ್ತದೆ, ಮಧ್ಯಾಹ್ನ ಯಾರೋ ಅದನ್ನು ಎತ್ತಿಕಟ್ಟುತ್ತಾರೆ. ಅದಕ್ಕಿಂತ ದೊಡ್ಡ ಕಂಡಿ ಹುಳುಮನೆಯ ಆಚೆಗಿದೆ. ಗೂಡನ್ನು ಚೀಲಕ್ಕೆ ತುಂಬಿ ಶಿಡ್ಲಘಟ್ಟದ ಮಾರುಕಟ್ಟೆಗೆ ತಂದಾಗಲೂ ಒಳಗಿನ ಮರಿ ಜೀವಂತವೇ. ಹರಾಜು ಮುಗಿಯುವುದರೊಳಗೆ, ನೂಲು ಬಿಚ್ಚುವ ರೀಲರ್ ಮನೆಯಲ್ಲಿ ಗೂಡು ಬಿಸಿನೀರಿಗೆ ಬೀಳುವ ಮೊದಲು, ಅದು ಕೊರೆದು ಹೊರಗೆ ಬಿದ್ದಿರುತ್ತದೆ. ಬಿಳಿ ಗೂಡುಗಳ ರಾಶಿಯ ಬುಡದಲ್ಲಿ, ಗೋಡೆಯಂಚಿನ ಧೂಳಿನಲ್ಲಿ, ಕಂದುಬಣ್ಣದ ಕಾಳಿನಂಥ ಕೋಶಗಳು ಬಿದ್ದಿರುತ್ತವೆ. ಅವನ್ನು ಗುಡಿಸಿ ಸುಡುವ ಕೆಲಸ ಮಾರಿದವನದೂ ಅಲ್ಲ, ಕೊಂಡವನದೂ ಅಲ್ಲ. ಹತ್ತು ಹನ್ನೆರಡು ದಿನಕ್ಕೆ ಅವೂ ನೊಣವಾಗುತ್ತವೆ, ಅಷ್ಟರಲ್ಲಿ ಊರಿನಲ್ಲಿ ಮುಂದಿನ ಚಾಕಿ ಎರಡನೇ ಜ್ವರ ಕಳೆದಿರುತ್ತದೆ.