ಶಾಂಪೂ ಲೇಬಲ್ ಓದುವ ತೊಂಡೇಬಾವಿಯ ಹುಡುಗಿ

ತೊಂಡೇಬಾವಿಯ ಆ ಹುಡುಗಿ ಬಿಚ್ಚಿ ತೋರಿಸಿದ ನೋಟ್‌ಬುಕ್ಕಿನ ಗುಂಗು ನನ್ನನ್ನು ಇನ್ನೂ ಬಿಟ್ಟಿಲ್ಲ. ರೈಲಿನಲ್ಲಿ ಗೌರಿಬಿದನೂರಿಗೆ ಹೋಗಿಬಂದು ಬ್ಯೂಟಿಷಿಯನ್ ಕೋರ್ಸ್ ಕಲಿಯುತ್ತಿದ್ದಾಳೆ. ತರಗತಿಯಲ್ಲಿ ಬೇರೆಯವರ ತಲೆ ತೊಳೆಯಲು ಶುರುಮಾಡಿದ ಮೇಲೆ ಅವಳ ಬೆರಳ ಸಂದಿಗಳೆಲ್ಲ ತುರಿಸಿ ಬಿರಿದವು. ಶಾಂಪೂ ಬದಲಾಯಿಸು ಎಂದವರು ಬಹಳ ಮಂದಿ; ಯಾವುದಕ್ಕೆ ಎಂದು ಹೇಳಿದವರಿಲ್ಲ. ಕೊನೆಗೆ ಚರ್ಮವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು, ಯಾವುದು ಆಗಿಬರುವುದಿಲ್ಲ ಎಂದು ಬರೆದುಕೊಟ್ಟರು. 1895ರಲ್ಲಿ ಯಾಡಸ್ಸೋನ್ ಎಂಬ ವೈದ್ಯ ತೋರಿಸಿಕೊಟ್ಟ ಈ ಪ್ಯಾಚ್ ಪರೀಕ್ಷೆಗೆ ಇವತ್ತಿಗೂ ಸಾಟಿಯಿಲ್ಲ.

ನೋಟ್‌ಬುಕ್ಕಿನ ಎಡಪುಟದಲ್ಲಿ ಬಾಟಲಿ, ಸ್ಯಾಶೆಗಳ ಹೆಸರು. ಬಲಪುಟದಲ್ಲಿ ಹಿಂಬದಿಯ ಸಣ್ಣಕ್ಷರಗಳನ್ನು ಕನ್ನಡದಲ್ಲಿ ಇಳಿಸಿಕೊಂಡ ರಾಸಾಯನಿಕಗಳು. ‘ಮಿಥೈಲ್-ಐಸೋ-ಥಯಜೋ-ಲಿನೋನ್’ ಎಂದು ತುಂಡು ಮಾಡಿ ಬರೆದು ಕೆಳಗೆ ಕೆಂಪು ಗೆರೆ ಎಳೆದಿದ್ದಾಳೆ. "ಇದು ಇರೋದನ್ನ ಮುಟ್ಟಲ್ಲ ಅಕ್ಕಾ" ಎಂದಳು.

ಶಾಂಪೂ ಕೆಡದಂತೆ ಹಾಕುವ ಸಂರಕ್ಷಕ ಅದು. ಹಚ್ಚಿ ಹಾಗೇ ಬಿಡುವ ಕ್ರೀಮು, ಸೀರಮ್ಮುಗಳಲ್ಲಿ ಅದನ್ನು ಐರೋಪ್ಯ ಒಕ್ಕೂಟ 2017ರಿಂದ ನಿಷೇಧಿಸಿದೆ. ಗಿರಾಕಿಗೆ ಶಾಂಪೂ ಎರಡು ನಿಮಿಷದ ಮಾತು. ತೊಳೆಯುವವಳ ಕೈ ದಿನವಿಡೀ ಅದರಲ್ಲೇ ನೆನೆಯುತ್ತದೆ.

ಅವಳ ಅಪ್ಪ ಗಾರೆ ಕೆಲಸದವರು. ಸಿಮೆಂಟಿನ ಕ್ರೋಮಿಯಂನಿಂದ ಕೈ ಒಡೆದು ತುರಿಸುವುದನ್ನು ಆ ಮನೆ ಮೊದಲೇ ಕಂಡಿದೆ. ಎರಡೂ ಒಂದೇ ಬಗೆಯ ಅಲರ್ಜಿ: ಮೈ ಒಮ್ಮೆ ಆ ವಸ್ತುವಿನ ಗುರುತು ಹಿಡಿದರೆ ಮತ್ತೆ ಮರೆಯುವುದಿಲ್ಲ, ಮುಟ್ಟಿದ ಒಂದೆರಡು ದಿನದಲ್ಲಿ ತಿರುಗಿ ಬೀಳುತ್ತದೆ. ಹಾಗಾಗಿ "ನಿನ್ನೆ ಹಚ್ಚಿದಾಗ ಏನೂ ಆಗಲಿಲ್ಲ" ಎಂಬ ಧೈರ್ಯಕ್ಕೆ ಅರ್ಥವಿಲ್ಲ.

ಈಗ ನನಗೆ ಬಹಳ ಹಿಡಿಸಿದ ಪುಟಕ್ಕೆ ಬರುತ್ತೇನೆ. ಅದರಲ್ಲಿ ಒಂದೇ ಹೆಸರು: ಚುಜ್ಜಲು ಪುಡಿ. ಹಳೇ ಮೈಸೂರಿನ ಕೆಲವು ಕಡೆ ಚಿಗರೆ ಪುಡಿ ಎನ್ನುವುದೂ ಇದನ್ನೇ. ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಬೆಳೆಯುವ ಮರ; ಹುಣಸೆಯೆಲೆಗಿಂತ ಸಣ್ಣ ಎಲೆ. ನೆರಳಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದರೆ ಹಸಿರು ಪುಡಿ. ಅವಳ ಅಜ್ಜಿ ಅದನ್ನು ಅನ್ನದ ಗಂಜಿಯಲ್ಲಿ ಕಲಸಿ ಅಂಗೈಯಲ್ಲಿಟ್ಟರು: ಲೋಳೆಲೋಳೆ, ತಣ್ಣಗೆ, ಹಸಿ ಸೊಪ್ಪಿನ ವಾಸನೆ. ಎಲೆಯಲ್ಲಿರುವ ಸ್ಯಾಪೊನಿನ್ ಎಣ್ಣೆಯ ಜಿಡ್ಡು ಬಿಡಿಸುತ್ತದೆ. ಸೀಗೆಕಾಯಿಯಷ್ಟು ಕಣ್ಣುರಿ ಇಲ್ಲ ಎನ್ನುತ್ತಾರೆ ಅಜ್ಜಿ. ಸ್ಯಾಶೆಗಳು ಅಂಗಡಿಗಳಲ್ಲಿ ತೋರಣವಾಗುವ ಮುಂಚೆ ಎಣ್ಣೆನೀರಿನ ದಿನ ಈ ಸೀಮೆಯ ತಲೆಗಳನ್ನು ತೊಳೆದದ್ದು ಇಂಥವೇ ಪುಡಿಗಳು. ನನಗೆ ಅದರ ಮೇಲೆ ಪ್ರೀತಿ ಹುಟ್ಟಿದೆ. ಆದರೆ ಹುಡುಗಿ ಅಜ್ಜಿಯ ಪುಡಿಯನ್ನೂ ಮೊದಲು ಮೊಣಕೈ ಒಳಮಗ್ಗುಲಿಗೆ ಹಚ್ಚಿ, ಎರಡು ದಿನ ಕಾದ ಮೇಲೆಯೇ ‘ಆಗುತ್ತೆ’ ಎಂದು ಬರೆದುಕೊಂಡಿದ್ದಾಳೆ. ಆ ಶಿಸ್ತಿಗೆ ನನ್ನ ಗೌರವ ಇನ್ನೂ ಹೆಚ್ಚು.

ಏಕೆಂದರೆ ‘ಹರ್ಬಲ್’ ಎಂಬ ಹಣೆಪಟ್ಟಿಯನ್ನು ನಾನು ನಂಬುವುದಿಲ್ಲ. ಗೋರಂಟಿ ಸೊಪ್ಪು ತಾನಾಗಿ ಕೊಡುವುದು ಕೆಂಪು ಬಣ್ಣ. ಅರ್ಧ ಗಂಟೆಯಲ್ಲಿ ಕಡುಗಪ್ಪು ಮಾಡುವ ‘ಕಾಲಿ ಮೆಹಂದಿ’ಗಳಲ್ಲಿ ಅನೇಕಕ್ಕೆ ಪ್ಯಾರಾಫಿನಿಲೀನ್‌ಡಯಮೀನ್, ಅಂದರೆ ಪಿಪಿಡಿ, ಬೆರೆತಿರುತ್ತದೆ. ಹತ್ತೊಂಬತ್ತನೇ ಶತಮಾನದಿಂದ ಬಳಕೆಯಲ್ಲಿರುವ ಈ ರಾಸಾಯನಿಕವನ್ನು ಅಮೆರಿಕದ ಚರ್ಮತಜ್ಞರ ಸಂಘ 2006ರ ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತ್ತು. ಪಿಪಿಡಿ ಇರುವ ಡೈಗಳ ಮೇಲೆ ಎಚ್ಚರಿಕೆಯನ್ನು ಸ್ಥಳೀಯ ಭಾಷೆಯಲ್ಲೂ ಮುದ್ರಿಸಬೇಕೆಂದು ನಮ್ಮ ಕಾನೂನೇ ಹೇಳುತ್ತದೆ. ನಿಮ್ಮ ಮನೆಯ ಪೊಟ್ಟಣ ತಿರುಗಿಸಿ ನೋಡಿ, ಕನ್ನಡ ಎಲ್ಲಿದೆ?

ಇನ್ನು ಅವಳು ಕಲಿಯುವಂಥ ತರಗತಿಗಳ ಮಾತು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸ್ವಉದ್ಯೋಗ ತರಬೇತಿ ಸಂಸ್ಥೆಯ ಮಾದರಿ ದೇಶದ ಜಿಲ್ಲೆ ಜಿಲ್ಲೆಗೂ ಹಬ್ಬಿ, ಹಳ್ಳಿಯ ಹೆಣ್ಣುಮಕ್ಕಳಿಗೆ ಬ್ಯೂಟಿ ಪಾರ್ಲರ್ ತರಬೇತಿಯನ್ನು ಉಚಿತವಾಗಿ ಕೊಡುತ್ತಿದೆ. ಸರ್ಕಾರಿಯಿರಲಿ, ಖಾಸಗಿಯಿರಲಿ, ಇಂಥ ತರಗತಿಗಳಲ್ಲಿ ಕತ್ತರಿ ಹಿಡಿಸುವ ಮೊದಲು ಲೇಬಲ್ ಓದಿಸಬೇಕು. ಡೈ ಹಚ್ಚುವ ಕೈಗೆ ನೈಟ್ರೈಲ್ ಗ್ಲೌಸ್ ಕೊಡಬೇಕು. ತೆಳು ಲೇಟೆಕ್ಸ್ ದಾಟಿ ಪಿಪಿಡಿ ಒಳಗಿಳಿಯುತ್ತದೆ. ತನಗೆ ಆಗಿಬರುವ ಶಾಂಪೂವನ್ನು ತಾನೇ ತರುತ್ತೇನೆಂದ ವಿದ್ಯಾರ್ಥಿನಿಯನ್ನು ನಾಜೂಕಿನವಳು ಎಂದು ಹೀಯಾಳಿಸಬಾರದು. ಕೈಯೇ ಬಂಡವಾಳವಾದ ಕಸುಬಿದು. ಕೈ ಕಾಪಾಡಿಕೊಳ್ಳುವುದೇ ಅದರ ಮೊದಲ ಪಾಠವಾಗಬೇಕು.