ಗೆರೆ ಅಡ್ಡವೋ ಉದ್ದವೋ

ಒಣಗಿದ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಎಡವಟ್ಟು ಮೊದಲು ಕಾಣುವುದು ಆಕಾಶದಲ್ಲಿ. ಒಂದೇ ಸಮನಾಗಿರಬೇಕಿದ್ದ ಬೂದುಬಣ್ಣದೊಳಕ್ಕೆ ಅಂಚಿನ ತೂತುಗಳಿಂದ ಕಪ್ಪು ನಾಲಗೆಗಳು ಚಾಚಿಕೊಂಡಿರುತ್ತವೆ. ಪ್ರಿಂಟಿನಲ್ಲಿ ಅವೇ ಬಿಳಿಚಿಕೊಂಡ ಪಟ್ಟೆಗಳು. ಮನೆಯಲ್ಲೇ ಫಿಲ್ಮ್ ತೊಳೆಯಲು ಹೊರಟವರು ಆಗ ಬೈಯುವುದು ಕ್ಯಾಮೆರಾವನ್ನು. ಪಾಪ, ಅದರ ತಪ್ಪೇನಿಲ್ಲ.

ಗೆರೆಯ ದಿಕ್ಕೇ ಅರ್ಧ ಕಥೆ ಹೇಳುತ್ತದೆ. ಫಿಲ್ಮಿನ ಉದ್ದಕ್ಕೂ ಕೂದಲಿನಂತೆ ನೇರವಾಗಿ ಓಡಿದ್ದರೆ ಅದು ಗೀರು: ಕ್ಯಾಸೆಟ್ಟಿನ ಬಾಯಿಯ ಬಟ್ಟೆಯಲ್ಲೋ ಕ್ಯಾಮೆರಾದ ಒತ್ತುಪಟ್ಟಿಯಲ್ಲೋ ಮರಳಿನ ಕಣ ಸಿಕ್ಕಿಕೊಂಡಿರುತ್ತದೆ. ಅಡ್ಡಲಾಗಿದ್ದರೆ ಹುಡುಕಬೇಕಾದದ್ದು ಫಿಲ್ಮ್ ತೊಳೆಯುವ ಟ್ಯಾಂಕಿನಲ್ಲಿ. ಸುರುಳಿಯಾಗಿ ರೀಲಿಗೆ ಏರಿದ ಫಿಲ್ಮ್ ಅಲ್ಲಿ ಚಾಪೆಯ ಸುರುಳಿಯಂತೆ ಅಂಚಿನ ಮೇಲೆ ನಿಂತಿರುವುದರಿಂದ, ದ್ರಾವಣ ಮೇಲೆ ಕೆಳಗೆ ಹರಿದ ಗುರುತೆಲ್ಲ ಅಡ್ಡಗೆರೆಯಾಗುತ್ತದೆ.

ಡೆವಲಪರಿನ ಕೆಲಸ ಬೆಳಕು ತಾಗಿದ ಬೆಳ್ಳಿಯ ಹರಳುಗಳನ್ನು ಕಪ್ಪು ಬೆಳ್ಳಿಯಾಗಿಸುವುದು. ಟ್ಯಾಂಕನ್ನು ಗಿಲಕಿಯಂತೆ ಕುಲುಕಿದರೆ ತೂತುಗಳಲ್ಲಿ ನುಗ್ಗಿದ ತಾಜಾ ದ್ರಾವಣ ಅವುಗಳ ಬದಿಯಲ್ಲಷ್ಟೇ ಹೆಚ್ಚು ಕೆಲಸ ಮಾಡುತ್ತದೆ. ಹಾಗೆಂದು ಮುಟ್ಟದೆ ಬಿಟ್ಟರೂ ಕಷ್ಟವೇ. ಈ ಕ್ರಿಯೆಯಲ್ಲಿ ಹೊರಬೀಳುವ ಬ್ರೋಮೈಡ್ ಡೆವಲಪರಿಗೆ ಕಡಿವಾಣ. ರಾತ್ರಿಯ ಚಿತ್ರದ ಬೀದಿದೀಪದಂಥ ದಟ್ಟ ಜಾಗದಿಂದ ಅದು ಮೆಲ್ಲಗೆ ಕೆಳಗಿಳಿದು, ಇಳಿದ ದಾರಿಯ ಕಪ್ಪನ್ನು ಕಡಿಮೆ ಮಾಡುತ್ತದೆ; ಪ್ರಿಂಟಿನಲ್ಲಿ ದೀಪಕ್ಕೊಂದು ಕಪ್ಪು ಬಾಲ. ಫಿಲ್ಮ್ ರೀಲಿನಲ್ಲಿ ತಲೆಕೆಳಗಾಗಿ ಕೂತಿದ್ದರೆ ಆ ಬಾಲ ಆಕಾಶಕ್ಕೇ ಏರಿರುತ್ತದೆ! ರೋಡಿನಾಲ್ ಎಂಬ ಡೆವಲಪರನ್ನು ನೀರಿಗೆ 1:100 ಬೆರೆಸಿ ಗಂಟೆಗಟ್ಟಲೆ ಕದಲಿಸದೆ ಇಡುವವರಿಗೆ ಇದು ಹಳೆಯ ಪರಿಚಯ.

ಫಿಲ್ಮ್ ತಯಾರಿಸುವ ಇಲ್ಫರ್ಡ್ ಕಂಪನಿ ಹೇಳುವ ಹದ ಸರಳ: ಮೊದಲ 10 ಸೆಕೆಂಡಿನಲ್ಲಿ ನಾಲ್ಕು ಸಲ ಟ್ಯಾಂಕನ್ನು ಬೋರಲು ಮಾಡಿ ಎತ್ತುವುದು, ಆಮೇಲೆ ಪ್ರತಿ ನಿಮಿಷದ ಆರಂಭದಲ್ಲೂ ಅಷ್ಟೇ.

ನಮ್ಮ ಸೆಕೆಗೆ ಬೇರೆಯೇ ತಕರಾರಿದೆ. ಇಲ್ಫರ್ಡಿನ ಎಚ್‌ಪಿ5 ಪ್ಲಸ್ ಫಿಲ್ಮಿಗೆ ಐಡಿ-11 ಡೆವಲಪರಿನಲ್ಲಿ 20 ಡಿಗ್ರಿಯಲ್ಲಿ ಬೇಕಾದದ್ದು ಏಳೂವರೆ ನಿಮಿಷ. ಮಂಗಳೂರಿನ ಬೇಸಿಗೆಯ ನಲ್ಲಿನೀರಿನಲ್ಲಿ ಆ ಅವಧಿ ಐದು ನಿಮಿಷಕ್ಕಿಂತ ಕೆಳಗಿಳಿಯುತ್ತದೆ; ಅಷ್ಟು ಅವಸರದಲ್ಲಿ ದ್ರಾವಣ ಎಲ್ಲ ಕಡೆ ಸಮನಾಗಿ ಕೆಲಸ ಮಾಡುವುದು ಕಷ್ಟ. ಐಸ್ ಹುಡುಕುವುದಕ್ಕಿಂತ ಡೆವಲಪರಿಗೆ ಸಮಪಾಲು ನೀರು ಬೆರೆಸುವುದು ವಾಸಿ. 20 ಡಿಗ್ರಿಯ ಸಮಯ ಆಗ 13 ನಿಮಿಷ. ಬಿಸಿಗೆಂದು ಕಡಿತ ಮಾಡಿದರೂ ಸಾಕಷ್ಟು ಉಳಿಯುತ್ತದೆ.

ಇನ್ನು ಬಿಳಿ ಹನಿಗಲೆಗಳು. ಫಿಲ್ಮನ್ನು ಓರೆಯಾಗಿ ಹಿಡಿದಾಗ ಹೊಳೆವ ಬೆನ್ನಿನ ಮೇಲೆ ಕಂಡರೆ ಅದು ಬೋರ್‌ವೆಲ್ ಗಡಸು ನೀರಿನ ಸುಣ್ಣ, ಗೀಸರಿನೊಳಗೆ ಕಟ್ಟುವಂಥದ್ದೇ. ಕೊನೆಯ ತೊಳೆತ ಡಿಸ್ಟಿಲ್ಡ್ ನೀರಿನಲ್ಲಾದರೆ ಈ ಕಾಟವಿಲ್ಲ. ಹಾಲಿನಂಥ ಮಬ್ಬು ಉಳಿದಿದ್ದರೆ ಫಿಕ್ಸರ್ ಸಾಲಲಿಲ್ಲ ಎಂದರ್ಥ. ಮತ್ತೆ ಅದರಲ್ಲೇ ಮುಳುಗಿಸಿದರೆ ತಿಳಿಯಾಗುತ್ತದೆ.

ಕುಲುಕಾಟದ ಪಟ್ಟೆಗೆ ಮಾತ್ರ ಇಂಥ ಮರುಮದ್ದಿಲ್ಲ. ಅನುಮಾನ ಬಂದವರು ಒಂದಿಡೀ ರೋಲಿನಲ್ಲಿ ಸುಣ್ಣ ಬಳಿದ ಗೋಡೆಯನ್ನೇ 36 ಸಲ ತೆಗೆದು, ಕತ್ತಲೆ ಚೀಲದಲ್ಲಿ ಎರಡು ತುಂಡು ಮಾಡಿ, ಒಂದನ್ನು ಮೆಲ್ಲಗೆ, ಇನ್ನೊಂದನ್ನು ತಮ್ಮ ಎಂದಿನ ರಭಸದಲ್ಲಿ ತೊಳೆದು, ಪಕ್ಕಪಕ್ಕ ತೂಗುಹಾಕಿ ನೋಡುತ್ತಾರೆ.